ವೈನಿ ಆರಿಸಿದ ಹೆಸರು

ಅಣ್ಣನ ಹೆಂಡತಿ, ನಮ್ಮ ವೈನಿಯ ಮೂಗಿನ ತುದಿ ವರ್ಷವಿಡೀ ಸಿಪ್ಪೆ ಏಳುತ್ತಿತ್ತು. ಶಹಾಪುರದ ಬಿಸಿಲು ನಮ್ಮನ್ನು ಕಪ್ಪಗೆ ಮಾಡುತ್ತದೆ, ಆಕೆಯನ್ನು ಮಾತ್ರ ಕೆಂಪಗೆ ಸುಡುತ್ತಿತ್ತು. ಹಚ್ಚಿಕೋ ಎಂದು ಅವ್ವ ಬೆಣ್ಣೆಯ ಬಟ್ಟಲು ಮುಂದಿಟ್ಟರೆ, ಮೂಗಿಗೆ ಒಂದಿಷ್ಟು ಸವರಿಕೊಂಡು ಉಳಿದದ್ದನ್ನು ರೊಟ್ಟಿಗೆ ಹಚ್ಚಿ ತಿಂದುಬಿಡುತ್ತಿದ್ದಳು.

ಹಳೆಯ ಕಾಲದ ಮನುಷ್ಯರ ಕಲ್ಲಿನ ಹತಾರಗಳನ್ನು ಹುಡುಕಿಕೊಂಡು ಆಕೆ ಪರದೇಶದಿಂದ ಸುರಪುರದ ಕಡೆ ಬಂದವಳು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನನ್ನ ಅಣ್ಣ ಊರು ತೋರಿಸಲು ಜೊತೆಗೆ ಹೋಗುತ್ತಿದ್ದ. ದೇವಾಪುರದ ಹೊಲಗಳಲ್ಲಿ ಸಿಕ್ಕ ಚೂರುಗಳನ್ನು ಆಕೆ ನಾಲಿಗೆಯ ತುದಿಗೆ ಮುಟ್ಟಿಸಿ ನೋಡುವಳು. ಅಂಟಿಕೊಂಡರೆ ಎಲುಬು, ಇಲ್ಲದಿದ್ದರೆ ಕಲ್ಲು. ಮೊದಲ ಸಲ ಅದನ್ನು ಕಂಡ ಅವ್ವ, ಈ ಹುಡುಗಿಗೆ ಅವರ ಮನೆಯಲ್ಲಿ ಊಟಕ್ಕೆ ಹಾಕಿರಲಿಲ್ಲವೇನೋ ಎಂದು ಹಬ್ಬಕ್ಕೆ ತವರಿಗೆ ಬಂದಿದ್ದ ನನ್ನ ಕಿವಿಯಲ್ಲಿ ಕೇಳಿದ್ದಳು. ಎರಡು ವರ್ಷಕ್ಕೆ ಅದೇ ಹುಡುಗಿ ನಮ್ಮ ಮನೆಯ ಸೊಸೆಯಾದಳು.

ಆಕೆ ಮನೆ ತುಂಬಿದ ಹೊತ್ತಿಗೇ ನಾನು ಮುದನಾಳದಿಂದ ತವರಿಗೆ ಮರಳಿದ್ದು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಇನ್ನೊಬ್ಬಳನ್ನು ತಂದುಕೊಂಡಿದ್ದರು. ನಾನು ಹೊರಗಿನ ಕಟ್ಟೆಗೂ ಹೋಗದೆ ಒಳಗೇ ಇರುತ್ತಿದ್ದೆ. ಏನಾಯಿತೆಂದು ಓಣಿಯವರೆಲ್ಲ ಕೇಳಿದರು, ವೈನಿ ಮಾತ್ರ ಕೇಳಲಿಲ್ಲ. ನನ್ನೆದುರು ಕೂತು ಶೇಂಗಾ ಸುಲಿಯುತ್ತಿದ್ದಳು. ಕನ್ನಡವನ್ನು ಆಕೆ ಕಲಿತದ್ದು ಅವ್ವನ ಬಾಯಿಂದ. ಯಾರು ಏನೇ ಅನ್ನಲಿ, "ಹೌದ್ರಿ" ಎಂಬುದು ಆಕೆಯ ಮೊದಲ ಮಾತು. ಆಡು ಒದರಿದರೂ ಹೌದ್ರಿ.

ಆಕೆಯ ಅಪ್ಪ ಇಂಗ್ಲೆಂಡಿನವನು, ಅವ್ವ ಜರ್ಮನಿಯವಳು. ಆಕೆ ಸಣ್ಣವಳಿದ್ದಾಗಲೇ ಅವರಿಬ್ಬರೂ ಬೇರೆಯಾಗಿದ್ದರು. ಶಾಲೆ ಅಪ್ಪನ ಊರಲ್ಲಿ, ಸೂಟಿ ಅವ್ವನ ಊರಲ್ಲಿ. ಆಕೆಯ ಹೆಸರನ್ನೇ ಅಪ್ಪ ಒಂದು ಥರ ಕರೆದರೆ ಅವ್ವ ಇನ್ನೊಂದು ಥರ ಕರೆಯುತ್ತಿದ್ದಳಂತೆ. ಸಂಜೆ ಕಟ್ಟೆಯ ಮೇಲೆ ಕೂತು ಅಪ್ಪನೊಡನೆ ಒಂದು ಭಾಷೆಯಲ್ಲಿ, ಅವ್ವನೊಡನೆ ಇನ್ನೊಂದು ಭಾಷೆಯಲ್ಲಿ ಫೋನಿನಲ್ಲಿ ಮಾತಾಡುವಳು. ಫೋನು ಇಟ್ಟ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕೂತೇ ಇರುವಳು. ಮನೆ ನೆನಪಾಗುತ್ತದೇನು ಎಂದು ಒಮ್ಮೆ ಕೇಳಿದೆ.

"ಯಾವ ಮನಿ, ತಂಗಿ?" ಅಂದಳು. ಚೇಷ್ಟೆಗೆ ಅಂದದ್ದಲ್ಲ. ನನಗೂ ಆಗ ಅದೇ ಪ್ರಶ್ನೆ ಇತ್ತು.

ವೈನಿಯ ಹೊಟ್ಟೆಯಲ್ಲಿ ಕೂಸು ನಿಂತಾಗಿನಿಂದ ಹೆಸರಿನ ಮಾತು ಶುರುವಾಯಿತು. ಆಕೆಯ ಅಪ್ಪನಿಗೆ ತನ್ನ ತಾಯಿಯ ಹೆಸರಾದ ವಿನಿಫ್ರೆಡ್ ಬೇಕು, ಆಕೆಯ ಅವ್ವನಿಗೆ ತನ್ನ ತಾಯಿಯ ಹೆಸರಾದ ವಾಲ್ಟ್ರೌಟ್ ಬೇಕು. ಒಂದನ್ನು ಒಪ್ಪಿದರೆ ಇನ್ನೊಬ್ಬರು ಮುನಿಯುತ್ತಾರೆ. ನಮ್ಮವ್ವನಿಗೋ ಶರಣವ್ವನೇ ಆಗಬೇಕು. ಒಂದು ದಿನ ಅಣ್ಣ ಬೇಸತ್ತು, ನಿನಗೆ ತಿಳಿದದ್ದು ಇಡು, ಯಾಕಿಷ್ಟು ಒದ್ದಾಡುತ್ತೀ ಎಂದ. ಆಗ ಆಕೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಅವರಿಬ್ಬರಿಗೂ ನಾ ಒಬ್ಬಾಕೇ ಮಗಳು. ಕೂಸಿನ ಹೆಸರಿನ್ಯಾಗರೆ ಅವರಿಬ್ರೂ ಕೂಡಿರ್ಲಿ."

ಆಮೇಲೆ ಎರಡೂ ಕಡೆ ನಡೆಯುವ ಹೆಸರುಗಳನ್ನು ಹುಡುಕತೊಡಗಿದಳು. ಸಿಕ್ಕ ಹೆಸರನ್ನು ಅಂದು ನೋಡಲು ಸಿಕ್ಕವರಿಗೆ ಹೇಳುವಳು. ಹಿಟ್ಟಿನ ಗಿರಣಿಯವನ ಬಾಯಲ್ಲಿ ಫ್ರೀಡಾ ಎಂಬುದು ಶಾಲೆಯ ಪಿರೇಡ್ ಆಯಿತು. ಎಮ್ಮಾ ಆಕೆಗೆ ಬಹಳ ಮನಸ್ಸಿಗೆ ಬಂದಿತ್ತು, ಆದರೆ ಕೂಸನ್ನು ಎಮ್ಮಿ ಎಂದು ಕರೆಯುವುದೇ ಎಂದು ನಮ್ಮವ್ವ ಊಟದ ತಾಟು ಬಿಟ್ಟು ಎದ್ದಳು. ವಿನಿಫ್ರೆಡ್ ನನ್ನ ನಾಲಿಗೆಯಲ್ಲಿ ವೈನಿ ಬ್ರೆಡ್ ಆದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುದನಾಳದಿಂದ ಬಂದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು.

ಹೆಣ್ಣು ಕೂಸು ಹುಟ್ಟಿತು. ಮುಂದೊಂದು ದಿನ ಮಧ್ಯಾಹ್ನ ವೈನಿ ನನ್ನ ಮುಖ ನೋಡುತ್ತ, "ಎಲ್ಲಾ" ಅನ್ನು ಎಂದಳು. ಅಂದೆ. ಜರ್ಮನ್ನರ ಕಡೆಯಿಂದ ಎಂದೋ ಇಂಗ್ಲೆಂಡಿಗೂ ಹೋದ ಹೆಸರಂತೆ ಅದು, ಎರಡು ದೇಶದವರೂ ಹೆಚ್ಚುಕಡಿಮೆ ಒಂದೇ ಥರ ಕರೆಯುತ್ತಾರಂತೆ. ಮತ್ತೊಮ್ಮೆ ಅನ್ನಿಸಿದಳು. ನಾವು ದಿನಾ ಆಡುವ ಮಾತೇ ಅದು, ಎಲ್ಲೂ ತೊಡರಲಿಲ್ಲ.

"ಇದೇ ಇರ್ಲಿ. ಕಿವ್ಯಾಗ ಹೇಳಾಕಿ ನೀನೇ ಅಲ್ಲೇನು, ನಿನಗ ಸಲೀಸಾಗಿ ಬರಬೇಕು," ಅಂದಳು.

ತೊಟ್ಟಿಲಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕೇನೋ ಹೌದು. ಆದರೆ ಮಡಿಲು ತುಂಬದವಳನ್ನು ಯಾರೂ ತೊಟ್ಟಿಲ ಹತ್ತಿರ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಅವ್ವ ಅದಾಗಲೇ ಕಾಕನ ಮಗಳಿಗೆ ಹೇಳಿ ಕಳಿಸಿದ್ದಳು. ಹೆಸರಿನ ಬಗ್ಗೆ ಮಾತ್ರ ಅವ್ವ ತಕರಾರು ಮಾಡಲಿಲ್ಲ. ದೇವಿ ಎಲ್ಲವ್ವನ ಹೆಸರನ್ನು ಬೇಡ ಅನ್ನಬಾರದು ಎಂದುಕೊಂಡಳು.

ತೊಟ್ಟಿಲ ದಿನ ನಾನು ಅಡುಗೆಮನೆಯಲ್ಲಿ ಹಂಚುವ ಗುಗ್ಗರಿಗೆ ಕೊಬ್ಬರಿ ಹೆರೆಯುತ್ತಿದ್ದೆ. ಪಡಸಾಲೆಯಲ್ಲಿ ಹಾಡು ನಿಂತಿತು. ಕಾಕನ ಮಗಳು ಮುಂದೆ ಬಂದಿರಬೇಕು. ಎಷ್ಟೋ ಹೊತ್ತಾದರೂ ಹೆಸರು ಕರೆದ ಸದ್ದಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ವೈನಿ ಕೂಸನ್ನೆತ್ತಿಕೊಂಡು ನಿಂತಿದ್ದಳು, ಹಿಂದೆ ಅವ್ವ.

"ಅಕಿ ಬ್ಯಾಡವಾ," ಅಂದಳು ಅವ್ವ, ನನ್ನ ಕಡೆ ನೋಡದೆ. "ಮಕ್ಕಳೊಂದಿಗಳು ಹೇಳಬೇಕು. ಕೂಸಿಗಿ ಛಲೋ ಆಗಬೇಕಲ್ಲ."

ವೈನಿ ಅವತ್ತು ಹೌದ್ರಿ ಅನ್ನಲಿಲ್ಲ.

"ಅತ್ತಿ ಅಂದ್ರ ಅಪ್ಪನ ತಂಗಿ. ಇಕಿ ಬರೂತನಕ ನಾ ಇಲ್ಲೇ ನಿಂದರ್ತೀನಿ."

ಹಸಿಬಾಣಂತಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು. ಕಡೆಗೆ ಅಣ್ಣ ಬಂದು ನನ್ನ ಕೈಯೊಳಗಿನ ಕೊಬ್ಬರಿ ಬಟ್ಟಲು ತೆಗೆದು ಕೆಳಗಿಟ್ಟ.

ನಾನು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ. ಹೆಸರು ಹೇಳುವವಳ ಬೆನ್ನಿಗೆ ಸುತ್ತಲಿನ ಹೆಂಗಸರು ನಗುತ್ತ ಗುದ್ದುವುದು ನಮ್ಮಲ್ಲಿ ರೂಢಿ. ನನ್ನ ಬೆನ್ನಿಗೆ ಒಂದು ಕೈಯೂ ಬೀಳಲಿಲ್ಲ. ಬಾಗಿದವಳು ಹಾಗೇ ಇದ್ದೆ, ತಲೆ ಎತ್ತುವ ಧೈರ್ಯವಾಗಲಿಲ್ಲ. ಆಗ ಬೆನ್ನ ಮೇಲೆ ದಪ್ಪನೆ ಒಂದು ಗುದ್ದು ಬಿತ್ತು. ಕಲ್ಲು ಎತ್ತಿ ಗಟ್ಟಿಯಾದ ಕೈ, ವೈನಿಯದು. ಆಮೇಲೆ ಇನ್ನೊಂದು ಬಿತ್ತು. ಬಳೆಗಳ ಸದ್ದಿನಿಂದ ಅದು ಅವ್ವನದೆಂದು ತಿಳಿಯಿತು. ಮುಂದೆ ಎಲ್ಲರೂ ಗುದ್ದಿದರು.

ಮರುದಿನ ನಾನು ಕೂಸನ್ನೆತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತೆ.

ಹುಡುಗಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ವೈನಿಗೆ ಜ್ವರ ಬಂತು. ಎರಡು ದಿನ ಮನೆಯಲ್ಲೇ ಕಷಾಯ ಕುಡಿದು ತಳ್ಳಿದಳು. ಯಾದಗಿರಿಯ ದವಾಖಾನೆಗೆ ಸೇರಿಸುವ ಹೊತ್ತಿಗೆ ಜ್ವರ ಮಿದುಳಿಗೆ ಏರಿತ್ತು. ಬಾಯಲ್ಲಿದ್ದ ಕನ್ನಡ ಮೊದಲು ಹೋಯಿತು, ಆಮೇಲೆ ಅಣ್ಣನೊಡನೆ ಆಡುತ್ತಿದ್ದ ಇಂಗ್ಲಿಷೂ ಹೋಯಿತು. ತಾಯಿಯ ಮಾತೊಂದೇ ಉಳಿಯಿತು. ಆ ವಾರ್ಡಿನಲ್ಲಿ ಅದು ತಿಳಿಯುವವರು ಒಬ್ಬರೂ ಇರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಅಣ್ಣ ಔಷಧ ತರಲು ಹೋಗಿದ್ದ. ವೈನಿ ಕಣ್ಣು ತೆರೆದು ನನ್ನ ಕೈ ಹಿಡಿದು ಏನೋ ಕೇಳಿದಳು. ಕೇಳಿದ್ದು ಹೌದು, ದನಿ ಕೊನೆಯಲ್ಲಿ ಮೇಲೇರಿತ್ತು. ನಾನು ಬಾಯಿಗೆ ನೀರು ಹಿಡಿದೆ, ಬೇಡವೆಂದು ತಲೆಯಾಡಿಸಿದಳು. ಮತ್ತೆ ಅದನ್ನೇ ಕೇಳಿದಳು. ಹೇಳಿದರೆ ಆಕೆಗೂ ತಿಳಿಯದು, ಕೇಳಿದರೆ ನನಗೂ ತಿಳಿಯದು.

"ಹ್ಞೂ, ವೈನಿ," ಅಂದೆ.

ಹಣೆಯ ಗಂಟು ಸಡಿಲಾಯಿತು. ಕಣ್ಣು ಮುಚ್ಚಿದಳು.

ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮುಂದೆ ಫೋನಿನಲ್ಲಿ ಆಕೆಯ ತಾಯಿಗೆ ವೈನಿಯ ಆ ಕೊನೆಯ ಮಾತನ್ನು ಅಂದು ತೋರಿಸಲು ನೋಡಿದೆ. ನನ್ನ ನಾಲಿಗೆಗೆ ಅದು ಬರಲಿಲ್ಲ. ಆ ಹೆಣ್ಣುಮಗಳು ಅಲ್ಲಿ ಅತ್ತಳು, ನಾನಿಲ್ಲಿ ಅತ್ತೆ.

ಮಗಳನ್ನು ನೋಡಿಕೋ ಎಂದಿರಬೇಕು ಎನ್ನುತ್ತಾನೆ ಅಣ್ಣ. ಇರಬಹುದು. ಮನೆಗೆ ಕರೆದುಕೊಂಡು ಹೋಗುತ್ತೀಯಾ ಎಂದಿರಬಹುದು, ಇಲ್ಲೇ ಇರುತ್ತೀಯಾ ಎಂದೂ ಇರಬಹುದು. ಏನು ಕೇಳಿದಳೋ ನನಗೆ ಗೊತ್ತಿಲ್ಲ. ನಾನು ಹ್ಞೂ ಅಂದಿದ್ದೇನೆ.