ಎರಡು ಪೀಪಾಯಿಗಳ ನಡುವೆ ಸಿಸ್ಟರ್ ಹ್ಯಾಡ್‌ಲಾಕ್

ಕ್ಯಾರಿಬೂ ಊರಿನ ನಮ್ಮ ಚರ್ಚಿನ ಹಿಂದಿನ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿ ಬಿದ್ದ ಹಿಮವನ್ನು ಯಾರೋ ಬದಿಗೆ ಒತ್ತಿ ಗುಡ್ಡೆ ಹಾಕಿ ಹೋಗಿದ್ದಾರೆ. ನಡುವೆ ಎರಡು ಹಳೆಯ ಆಲೂಗಡ್ಡೆ ಪೀಪಾಯಿಗಳು ನಿಂತಿವೆ. ಅವುಗಳ ಸಂದಿನಲ್ಲಿ ಹಿಮ್ಮುಖವಾಗಿ ನುಸುಳಬೇಕಾದ ಪಿಕಪ್ ಗಾಡಿ ಒಂದು ದಿಕ್ಕಿಗೆ, ಅದರ ಹಿಂದೆ ಕಟ್ಟಿದ ಟ್ರೇಲರ್ ಇನ್ನೊಂದು ದಿಕ್ಕಿಗೆ ಮುಖ ಮಾಡಿ, ಜಗಳವಾಡಿಕೊಂಡವರಂತೆ ನಿಂತಿವೆ.

"ಎಡಕ್ಕೆ, ಎಡಕ್ಕೆ! ಅಯ್ಯೋ, ನನ್ನ ಎಡ ಅಲ್ಲ ಕಣೇ, ನಿನ್ನ ಎಡ!" ಎಂದು ಹಿಂದೆ ನಿಂತು ಎರಡೂ ಕೈ ಬೀಸುತ್ತಿರುವವರು ಥೇನ್ ಹ್ಯಾಡ್‌ಲಾಕ್.

"ನೀನು ಮೊದ್ಲು ಆ ರೆಕ್ಕೆ ಬಡಿಯೋದು ನಿಲ್ಲಿಸು. ಎಡ ಯಾವ್ದು ಅಂತ ನಾನೇ ಹುಡುಕ್ಕೊಳ್ತೀನಿ" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಉತ್ತರ ಕೊಡುವವರು ಅವರ ಹೆಂಡತಿ ನೆಡ್ರಾ. ವಯಸ್ಸು ಎಪ್ಪತ್ತೊಂದು. ಕೋಟಿನ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ, ತಲೆಗೆ ತಾವೇ ಹೆಣೆದ ಹಳದಿ ಟೋಪಿ.

ರಸ್ತೆಯಾಚೆ ಆಲೂಗಡ್ಡೆ ಗೋದಾಮು. ಅದರ ಬಾಗಿಲಲ್ಲಿ ಕಾಫಿ ಲೋಟ ಹಿಡಿದ ರೊಸೇರ್ ಪೆಲ್ಟಿಯೆ ಈ ಆಟ ನೋಡಲೆಂದೇ ಬೇಗ ಬರುತ್ತಾರೆ. ಪೀಪಾಯಿಗಳು ಅವರವೇ. "ಅಮ್ಮಾ, ಅದು ನಮ್ಮಜ್ಜನ ಪೀಪಾಯಿ!" ಎಂದು ಕೂಗುತ್ತಾರೆ.

"ಅಜ್ಜ ಒಳಗೆ ಕೂತಿಲ್ಲ ತಾನೇ? ಹಾಗಿದ್ರೆ ಸುಮ್ನಿರಪ್ಪ!"

ಟ್ರೇಲರ್ ಹಿಂದೆ ಸರಿಯುತ್ತದೆ. ಪೀಪಾಯಿ ಸಣ್ಣಗೆ ನರಳಿ, ಮಗ್ಗುಲಾಗಿ ಉರುಳಿಕೊಂಡು ಹೋಗುತ್ತದೆ. ಥೇನ್ ಅದನ್ನು ಹುಡುಕುತ್ತಾ ಬೇರೆಯೇ ಕಡೆ ನಡೆಯುತ್ತಾರೆ. ಅದು ಎಲ್ಲಿ ಬಿತ್ತೆಂದು ಅವರಿಗೆ ಕಾಣುವುದಿಲ್ಲ. ಈ ಬೆಳಗಿನ ಪಾಠಕ್ಕೆಲ್ಲ ಕಾರಣ ಅದೇ.

ಥೇನ್ ಮತ್ತು ನೆಡ್ರಾ ವಯೋಮಿಂಗ್‌ನ ಆಫ್ಟನ್ ಊರಿನವರು. ಥೇನ್ ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವರು, ನೆಡ್ರಾ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬೇಯಿಸಿದವರು. ಕೆಲಸದಿಂದ ನಿವೃತ್ತರಾದ ಮೇಲೆ, ನಮ್ಮ ಮಾರ್ಮನ್ ಪಂಥದ ಕ್ರೈಸ್ತ ಮನೆಗಳಲ್ಲಿ ಎಷ್ಟೋ ಹಿರಿಯ ಗಂಡ ಹೆಂಡಿರು ಮಾಡುವಂತೆ, ಸ್ವಂತ ಖರ್ಚಿನಲ್ಲಿ ಮಿಷನ್ ಸೇವೆಗೆ ಹೊರಟರು. ಎಲ್ಲಿಗೆ ಹೋಗಬೇಕೆಂದು ಕೇಳುವ ಹಾಗಿಲ್ಲ. ಕಳಿಸಿದಲ್ಲಿಗೆ ಹೋಗಬೇಕು.

"ಯಾವ್ದಾದ್ರೂ ಬೆಚ್ಚಗಿರೋ ದ್ವೀಪ ಸಿಗುತ್ತೆ ಅಂತ ಎರಡು ಹತ್ತಿ ಫ್ರಾಕು ಹೊಲಿದು ಇಟ್ಕೊಂಡಿದ್ದೆ" ಎನ್ನುತ್ತಾರೆ ನೆಡ್ರಾ. "ಸಿಕ್ಕಿದ್ದು ಈ ಹಿಮದ ಜಿಲ್ಲೆ ಆರೂಸ್ಟುಕ್. ಫ್ರಾಕಿನ ಮೇಲೆ ಮೂರು ಸ್ವೆಟರ್ ಹಾಕ್ಕೊಳ್ತೀನಿ. ಹತ್ತಿ ಒಳಗಿದೆ ಅಂತ ನಂಗೆ ಗೊತ್ತಿದ್ರೆ ಸಾಕು."

ಬಾಗಿಲು ಬಾಗಿಲಿಗೆ ಹೋಗಿ ಸಾರುವುದು ಹರೆಯದ ಮಿಷನರಿಗಳ ಕೆಲಸ. ಹ್ಯಾಡ್‌ಲಾಕ್ ದಂಪತಿಯದು ಆ ಹರೆಯದವರು ಮಲಗುವ ಮಂಚ, ಉರಿಯದ ಹೀಟರು, ಕಟ್ಟಿಕೊಂಡ ಸಿಂಕು. ಹೌಲ್ಟನ್‌ನಿಂದ ಫೋರ್ಟ್ ಕೆಂಟ್‌ವರೆಗೆ ಹರಡಿದ ಏಳು ಬಾಡಿಗೆ ಮನೆಗಳನ್ನು ಅವರೇ ನೋಡಿಕೊಳ್ಳುತ್ತಾರೆ. ಹಾಸಿಗೆ ಹೊರುತ್ತಾರೆ, ಫ್ರಿಜ್ಜಿನ ಮೂಲೆಯಲ್ಲಿ ಹಸಿರಾಗಿರುವುದೇನೆಂದು ಕೇಳದೆ ತೊಳೆಯುತ್ತಾರೆ. ದಾರಿಯಲ್ಲಿ ಚರ್ಚಿಗೆ ಬರಲಾಗದ ವೃದ್ಧರ ಮನೆಗಳಿಗೂ ಹೋಗುತ್ತಾರೆ. ನೆಡ್ರಾ ವಾರಕ್ಕೆ ಹನ್ನೆರಡು ಬ್ರೆಡ್ ಸುಡುತ್ತಾರೆ. ಅದರಲ್ಲಿ ಒಂದೂ ಶನಿವಾರದವರೆಗೆ ಉಳಿದಿದ್ದನ್ನು ನಾನು ಕಂಡಿಲ್ಲ.

ಸೇವೆಯಲ್ಲಿರುವಷ್ಟು ಕಾಲ ಅವರು ಎಲ್ಡರ್ ಹ್ಯಾಡ್‌ಲಾಕ್ ಮತ್ತು ಸಿಸ್ಟರ್ ಹ್ಯಾಡ್‌ಲಾಕ್. ನಾಲ್ಕು ಜನರ ಮುಂದೆ ನೆಡ್ರಾ ಗಂಡನನ್ನೂ ಎಲ್ಡರ್ ಎಂದೇ ಕರೆಯುತ್ತಾರೆ. ಥೇನ್ ಎಂದು ಕರೆದರೆ ನೆಡ್ರಾಗೆ ಸಿಟ್ಟು ಬಂದಿದೆ, ಇಲ್ಲವೇ ಹೆದರಿಕೆಯಾಗಿದೆ ಎಂದು ನಮಗೆಲ್ಲ ಗೊತ್ತು.

ಈ ಚಳಿಗಾಲದಲ್ಲಿ ಆ ಹೆಸರು ಆಗಾಗ ಕೇಳಿಬಂತು. ಥೇನ್ ಒಂದು ಸಂಜೆ ಯಾರದೋ ಮನೆಯ ಅಂಚೆ ಪೆಟ್ಟಿಗೆಯನ್ನು ಮೂಸ್ ಎಂಬ ದೈತ್ಯ ಕಡವೆಯ ಮರಿ ಎಂದುಕೊಂಡು ಗಾಡಿ ನಿಲ್ಲಿಸಿ, ಅದು ರಸ್ತೆ ದಾಟಲೆಂದು ಕಾದರು. ಅದು ದಾಟಲಿಲ್ಲ. ಹಾರ್ನ್ ಹೊಡೆದರು. ನೆಡ್ರಾ ನಕ್ಕರು, ಆಮೇಲೆ ನಗು ನಿಂತಿತು. ನೋಟದ ನಡುಭಾಗ ಮಸುಕಾಗುತ್ತಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದರು ಕಣ್ಣಿನ ಡಾಕ್ಟರು.

ಗಂಡ ಹೆಂಡತಿಯ ಸೇವೆಗೆ ಬರುವುದು ಒಂದೇ ಕರೆ. ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ಮನೆಗೆ ಕಳಿಸುವ ಪದ್ಧತಿ ಇಲ್ಲ. ಗಾಡಿ ಓಡಿಸುವವರಿಲ್ಲದಿದ್ದರೆ ಇಬ್ಬರೂ ಹೊರಡಬೇಕು. ಮಿಷನ್ನಿನ ಮುಖ್ಯಸ್ಥರಾದ ಪ್ರೆಸಿಡೆಂಟ್ ಆಲ್‌ರೆಡ್ ಫೋನಿನಲ್ಲಿ ಮೆತ್ತಗೆ ಹೇಳಿದರಂತೆ: "ನೀವು ಮಾಡಿದ್ದೇ ಬಹಳ ಆಯ್ತು. ಸೇವೆ ಮುಗಿಯೋ ಆಗಸ್ಟ್‌ವರೆಗೆ ಕಾಯಬೇಕಾಗಿಲ್ಲ. ತಲೆ ಎತ್ಕೊಂಡು ಮನೆಗೆ ಹೋಗಿ."

ಪಾತ್ರೆ ಒರೆಸುತ್ತಿದ್ದ ನೆಡ್ರಾ ಅಲ್ಲಿಂದಲೇ ಕೂಗಿದರು: "ನಾನಿಲ್ವಾ ಇಲ್ಲಿ? ನಾನೇನು ಸತ್ತಿದ್ದೀನಾ?"

ಆಫ್ಟನ್ನಿನಲ್ಲಿ ನೆಡ್ರಾ ಓಡಿಸುತ್ತಿದ್ದುದು ಒಂದು ಪುಟ್ಟ ಕಾರು. ಅದೂ ಅಂಗಡಿಗೆ, ಚರ್ಚಿಗೆ. "ಹಿಂದಕ್ಕೆ ತೆಗೀಬೇಕಾದ ಜಾಗದಲ್ಲಿ ಯಾವತ್ತೂ ನಿಲ್ಲಿಸ್ತಾನೇ ಇರ್ಲಿಲ್ಲ. ಎಷ್ಟು ದೂರ ಆದ್ರೂ ಸರಿ, ಮುಂದಕ್ಕೆ ಹೊರಡೋ ಹಾಗೆ ನಿಲ್ಲಿಸಿ ನಡ್ಕೊಂಡು ಹೋಗ್ತಿದ್ದೆ."

ಪ್ರೆಸಿಡೆಂಟರು ಯೋಚಿಸಿ, ಸರಿ, ಫೆಬ್ರವರಿ ಕೊನೆಗೆ ಕ್ಯಾರಿಬೂಗೆ ಬರುತ್ತೇನೆ, ಆಗ ನಿಮ್ಮ ಜೊತೆ ಒಂದು ಸುತ್ತು ಬಂದು ನೋಡಿ ತೀರ್ಮಾನಿಸೋಣ ಎಂದರು. ಅಂದಿನಿಂದ ಈ ಬೆಳಗಿನ ಪೀಪಾಯಿ ಪಾಠ. ಗುರುವಿಗೆ ಕಣ್ಣಿಲ್ಲ, ಶಿಷ್ಯೆಗೆ ತಾಳ್ಮೆಯಿಲ್ಲ.

"ಕೈ ಸ್ಟೇರಿಂಗಿನ ಕೆಳಗಿಡು. ಟ್ರೇಲರ್ ಎತ್ತ ಹೋಗ್ಬೇಕೋ ಕೈ ಅತ್ತ. ಅಷ್ಟೇ ಕಣೇ ವಿದ್ಯೆ" ಎನ್ನುತ್ತಾರೆ ಥೇನ್.

"ಅಷ್ಟೇ ಆಗಿದ್ರೆ ಇಷ್ಟು ದಿನ ಯಾಕೋ ಒಬ್ಬನೇ ಇಟ್ಕೊಂಡಿದ್ದೆ?"

ಕೊನೆಗೂ ಆ ದಿನ ಬರುತ್ತದೆ. ಟ್ರೇಲರ್ ತುಂಬ ಸೀಳಿದ ಸೌದೆ. ಫೋರ್ಟ್ ಕೆಂಟ್ ಹತ್ತಿರ ಒಂಟಿಯಾಗಿರುವ ಕೊರೀನ್ ಡೇಗಲ್ ಎಂಬ ವಿಧವೆಯ ಮನೆಗೆ ಅದು ಹೋಗಬೇಕು. ಅವರ ಸೌದೆ ಮುಗಿಯುತ್ತಾ ಬಂದಿದೆ. ಮುಂದೆ ನೆಡ್ರಾ ಮತ್ತು ಥೇನ್, ಹಿಂದೆ ಪ್ರೆಸಿಡೆಂಟ್ ಆಲ್‌ರೆಡ್ ಮತ್ತು ಸೌದೆ ಇಳಿಸಲು ಜೊತೆಯಾದ ನಾನು. ಪ್ರೆಸಿಡೆಂಟರು ಹ್ಯಾಡ್‌ಲಾಕ್ ಅವರ ಹಿರಿಮಗನಿಗಿಂತ ಚಿಕ್ಕವರು. ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಿದ್ದರೂ ಸುಮ್ಮನೆ ಕೂತಿದ್ದಾರೆ.

ಬೀಗದ ಕೈ ತಿರುಗಿಸುವ ಮುಂಚೆ ಪ್ರಾರ್ಥನೆ ಅವರ ಕ್ರಮ. ಇವತ್ತು ನೆಡ್ರಾ ಸರದಿ. ಎಲ್ಲರೂ ಕೈ ಕಟ್ಟಿ ತಲೆ ಬಾಗಿಸುತ್ತೇವೆ. "ತಂದೆಯೇ, ಈ ಸೌದೆ ತಲುಪಲಿ. ಕೊರೀನ್ ಬೆಚ್ಚಗಿರಲಿ. ಹಿಂದೆ ಕೂತಿರೋ ಪ್ರೆಸಿಡೆಂಟರಿಗೆ ಹೆದರಿಕೆ ಆಗದಿರಲಿ. ಆಮೆನ್."

"ಆಮೆನ್" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಪ್ರೆಸಿಡೆಂಟರೇ.

ಹಿಮ ಹೊದ್ದ ಆಲೂಗಡ್ಡೆ ಹೊಲಗಳ ನಡುವೆ ಗಾಡಿ ನೆಟ್ಟಗೆ ಸಾಗುತ್ತದೆ. ಮುಂದಕ್ಕೆ ಓಡಿಸುವುದರಲ್ಲಿ ಯಾರಿಗೂ ಸಂಶಯವಿಲ್ಲ. ಕಷ್ಟವಿರುವುದು ಕೊರೀನ್ ಮನೆಯ ಓಣಿಯಲ್ಲಿ. ಉದ್ದ, ಸಪೂರ, ಎರಡೂ ಬದಿಗೆ ಎದೆಯುದ್ದದ ಹಿಮದ ಗೋಡೆ. ಸೌದೆ ಕೊಟ್ಟಿಗೆ ಅದರ ಕಟ್ಟಕಡೆಯಲ್ಲಿ. ಒಳಗೆ ಗಾಡಿ ತಿರುಗಿಸಲು ಜಾಗವಿಲ್ಲದ್ದರಿಂದ ರಸ್ತೆಯಿಂದಲೇ ಹಿಮ್ಮುಖವಾಗಿ ಹೋಗಬೇಕು. ಥೇನ್ ಇದನ್ನು ಒಂದೇ ಕೈಯಲ್ಲಿ, ಹಾಡು ಗುನುಗುತ್ತಾ ಮಾಡುತ್ತಿದ್ದರು.

ನೆಡ್ರಾ ಹಿಂದಕ್ಕೆ ತೆಗೆಯುತ್ತಾರೆ. ಓಣಿಯೊಳಗೆ ಸ್ವಲ್ಪ ದೂರ ಸರಿಯಾಗಿಯೇ ಹೋಗುತ್ತದೆ. ಆಮೇಲೆ ಟ್ರೇಲರ್ ಸೊಟ್ಟಗಾಗಿ, ಒಂದು ಚಕ್ರ ಹಿಮದ ಗೋಡೆಗೆ ಹುಗಿದು ನಿಲ್ಲುತ್ತದೆ. ಒಂದಷ್ಟು ಸೌದೆ ಜಾರಿ ಕೆಳಗೆ ಬೀಳುತ್ತದೆ. ಥೇನ್ ಕೈ ತಾನಾಗಿ ಸ್ಟೇರಿಂಗ್ ಕಡೆ ಚಾಚಿ, ಅರ್ಧದಲ್ಲಿ ನೆನಪಾಗಿ ಹಿಂದಕ್ಕೆ ಬರುತ್ತದೆ.

"ಥೇನ್" ಎನ್ನುತ್ತಾರೆ ನೆಡ್ರಾ.

ಎಲ್ಡರ್ ಎನ್ನಲಿಲ್ಲ. ನಾನು ಮುಂದಿನ ಸೀಟಿನ ಅಂಚು ಹಿಡಿದುಕೊಳ್ಳುತ್ತೇನೆ.

"ಇಳಿ. ಕೊಟ್ಟಿಗೆ ಹತ್ರ ಹೋಗಿ ನಿಲ್ಲು. ಕೈ ಬೀಸ್ಬೇಡ, ಎಡ ಬಲ ಅನ್ಬೇಡ. ನಂಗೆ ಕಾಣೋ ಹಾಗೆ ನಿಲ್ಲು, ಸಾಕು."

ಅವರು ಇಳಿಯುತ್ತಾರೆ. ಮೈಮೇಲೆ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಜಾಕೆಟ್ಟಿದೆ. ಒಂದು ಕೈಯಿಂದ ಹಿಮದ ಗೋಡೆ ಸವರಿಕೊಂಡು ಓಣಿಯ ಕೊನೆಗೆ ನಡೆದು, ಕೊಟ್ಟಿಗೆಯ ಕಂಬದ ಪಕ್ಕ ನಿಲ್ಲುತ್ತಾರೆ. ನೆಡ್ರಾ ಗಾಡಿಯನ್ನು ರಸ್ತೆಯವರೆಗೂ ಮುಂದಕ್ಕೆ ತಂದು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಕೈಗವಸು ಕಳಚಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಕೈ ಸ್ಟೇರಿಂಗಿನ ಕೆಳಗೆ ಹೋಗುತ್ತದೆ. ಪಕ್ಕದ ಕನ್ನಡಿಯಲ್ಲಿ ಒಂದು ಕಿತ್ತಳೆ ಚುಕ್ಕೆ.

ಟ್ರೇಲರ್ ಆ ಚುಕ್ಕೆಯ ಕಡೆಗೆ ನಡೆಯತೊಡಗುತ್ತದೆ. ಸ್ವಲ್ಪ ಬಲಕ್ಕೆ ಎಳೆದರೆ ಕೈ ಸ್ವಲ್ಪ ಎಡಕ್ಕೆ. ಚುಕ್ಕೆ ದೊಡ್ಡದಾಗುತ್ತಾ ಮನುಷ್ಯನಾಗುತ್ತದೆ. ಪ್ರೆಸಿಡೆಂಟರು ಕೈ ಕಟ್ಟಿಕೊಂಡಿದ್ದಾರೆ. ಮತ್ತೆ ಪ್ರಾರ್ಥನೆಯೋ, ಚಳಿಯೋ ಗೊತ್ತಿಲ್ಲ. ಥೇನ್ ಅಲುಗಾಡುವುದಿಲ್ಲ. ಟ್ರೇಲರಿನ ಹಿಂಬದಿ ಅವರ ಕೈಗೆಟಕುವಷ್ಟು ದೂರದಲ್ಲಿ ನಿಲ್ಲುತ್ತದೆ. ಅವರು ಕೈ ಚಾಚಿ, ಹಲಗೆಯನ್ನು ಎರಡು ಸಲ ಮೆಲ್ಲಗೆ ತಟ್ಟುತ್ತಾರೆ.

ಹೆದರಿಕೆ ಆಗಲಿಲ್ಲವೇ ಎಂದು ಆಮೇಲೆ ಥೇನ್ ಅವರನ್ನು ಕೇಳುತ್ತೇನೆ. "ನಂಗೆ ಎದುರಿಗಿರೋದು ಕಾಣಲ್ಲಮ್ಮ, ನಿಜ. ಎಂಜಿನ್ ಸದ್ದು ಕೇಳ್ತಿತ್ತಲ್ಲ, ಒಂದೇ ಸಮ ಇತ್ತು" ಎನ್ನುತ್ತಾರೆ. "ಹೆದರಿದ ಕಾಲು ಹಾಗೆ ಪೆಡಲ್ ತುಳಿಯಲ್ಲ."

ಸೌದೆ ಇಳಿಸಲು ಎಲ್ಲರೂ ಕೈ ಹಾಕುತ್ತೇವೆ. ಪ್ರೆಸಿಡೆಂಟರ ಒಳ್ಳೆಯ ಕೋಟಿನ ತುಂಬ ತೊಗಟೆಯ ಪುಡಿ. ಒಳಗೆ ಕೊರೀನ್ ಒಲೆಯ ಮುಂದೆ ಕೂತು, ಒಂದೇ ಬದಿ ಬೇಯಿಸಿದ ಪ್ಲೋಯ್ ಎಂಬ ತೆಳು ದೋಸೆಗೆ ಬೆಣ್ಣೆ ಸವರಿ, ಸುರುಳಿ ಸುತ್ತಿ ಒಬ್ಬೊಬ್ಬರ ಕೈಗೂ ಕೊಡುತ್ತಾರೆ. "ಬೇಸಿಗೇಲಿ ಎಲ್ಲರೂ ಬರ್ತಾರೆ ಸ್ವಾಮಿ" ಎಂದು ಪ್ರೆಸಿಡೆಂಟರಿಗೆ ಹೇಳುತ್ತಾರೆ. "ಫೆಬ್ರವರೀಲಿ ಭಾನುವಾರದ ಪವಿತ್ರ ರೊಟ್ಟಿ ನೀರು ತಗೊಂಡು ಈ ಓಣಿಗೆ ಬರೋರು ಇವರಿಬ್ಬರೇ. ನೀವು ಯಾರನ್ನ ಎಲ್ಲಿಗಾದ್ರೂ ಕಳಿಸ್ಕೊಳ್ಳಿ, ಇವರನ್ನ ಮಾತ್ರ ಹಿಮ ಕರಗೋವರೆಗೆ ಮುಟ್ಬೇಡಿ."

ಪ್ರೆಸಿಡೆಂಟರು ಪ್ಲೋಯ್ ಅಗಿದು ಮುಗಿಸುತ್ತಾರೆ. ನೆಡ್ರಾ ಖಾಲಿ ತಟ್ಟೆಯನ್ನೇ ನೋಡುತ್ತಿದ್ದಾರೆ. ಕೊನೆಗೆ ಪ್ರೆಸಿಡೆಂಟರು ಬಾಯಿ ಒರೆಸಿಕೊಂಡು, "ಸೋಮವಾರ ಹೌಲ್ಟನ್‌ಗೆ ಎರಡು ಮಂಚ ಹೋಗ್ಬೇಕು. ನೀವಿಬ್ಬರೂ ತಗೊಂಡು ಹೋಗ್ತೀರಾ?" ಎನ್ನುತ್ತಾರೆ.

ನೆಡ್ರಾ ಟೋಪಿ ಸರಿ ಮಾಡಿಕೊಳ್ಳುತ್ತಾರೆ. "ನಾನು ಹೋಗ್ತೀನಿ. ಎಲ್ಡರ್‌ನ ಬೇಕಾದ್ರೆ ಜೊತೇಲಿ ಕೂರಿಸ್ಕೊಂಡು ಹೋಗ್ತೀನಿ."

ವಾಪಸು ಬರುವ ದಾರಿಯಲ್ಲಿ ಖಾಲಿ ಟ್ರೇಲರ್ ಗಡಗಡ ಸದ್ದು ಮಾಡುತ್ತದೆ. ಮುಂದೇನು ಆಸೆ ಎಂದು ಕೇಳಿದರೆ ನೆಡ್ರಾ ಬಹಳ ಹೊತ್ತು ಯೋಚಿಸುವುದಿಲ್ಲ. "ಆಗಸ್ಟಿನಲ್ಲಿ ಊರಿಗೆ ಹೋಗ್ತೀವಲ್ಲ, ಇಡೀ ದಾರಿ ನಾನೇ ಓಡಿಸ್ಬೇಕು. ನಮ್ಮ ಬೀದಿಯವರೆಲ್ಲ ಹೊರಗೆ ನಿಂತಿರ್ತಾರೆ, ನೋಡ್ಲಿ. ಸಾಮಾನಿನ ಟ್ರೇಲರ್‌ನ ಹಿಂದಕ್ಕೆ ತಗೊಂಡು ನಮ್ಮ ಗ್ಯಾರೇಜಿಗೆ ಒಂದೇ ಸಲಕ್ಕೆ ಹೊಗಿಸ್ಬೇಕು."

ಕಣ್ಣು ಮುಚ್ಚಿ ಒರಗಿದ್ದ ಥೇನ್ ಕೇಳುತ್ತಾರೆ: "ಆಗ ನಾನೇನು ಮಾಡ್ಲಿ?"

"ನೀನಾ? ನಂಗೆ ಕಾಣೋ ಹಾಗೆ ನಿಲ್ಲು, ಸಾಕು."