ನಾಡಿದ್ದಿನ ಮೋಡಕ್ಕೆ ನಕ್ಕವಳು

ತಮ್ಮನ ಪರವಾಗಿ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಸುಮ್ಮನಾದರೂ ಇರಬೇಕಿತ್ತಲ್ಲ? ಅದೂ ಆಗಲಿಲ್ಲ. ಬಿದ್ದು ಬಿದ್ದು ನಕ್ಕೆ.

ತಮ್ಮ ಬಸವರಾಜ ಕರಾವಳಿಯ ಒಂದು ಹವಾಮಾನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಳೆಯ ಲೆಕ್ಕ ಹಾಕುತ್ತಾನೆ. ಹೋದ ತಿಂಗಳು ಅವನನ್ನು ನೋಡಲು ಹಿರೇಕೆರೂರು ಕಡೆಯ ಹೆಣ್ಣಿನವರು ಹತ್ತಿಮತ್ತೂರಿನ ನಮ್ಮ ಮನೆಗೆ ಬಂದಿದ್ದರು. (ನಮ್ಮಲ್ಲಿ ವರನ ಸಂಬಳಕ್ಕಿಂತ ಮೊದಲು ಮಾತು ನೋಡುತ್ತಾರೆ. 'ಒಂದ ಮಾತಿನ ಹುಡುಗ' ಅನ್ನಿಸಿಕೊಂಡರೆ ಅರ್ಧ ಮದುವೆ ಆದಂತೆ.)

ಹುಡುಗಿಯ ಅಪ್ಪ ಚಹಾ ಕುಡಿಯುತ್ತ ಕೇಳಿದರು, "ನಾಡ್ದ ಕುಮಟಾಕ್ಕ ಹೊಂಟೇವಿ. ಮಧ್ಯಾಹ್ನ ಅಲ್ಲಿ ಮಳಿ ಬರ್ತೈತೋ ಇಲ್ಲೋ, ಹೇಳ್ರಿ ನೋಡೂಣು."

"ಜಿಲ್ಲಾದಾಗ ಮಳಿ ಐತ್ರಿ. ಕುಮಟಾ ಪ್ಯಾಟ್ಯಾಗ ಬರಬಹುದು, ಬರದನೂ ಇರಬಹುದು. ಈಗ ಹೇಳಾಕ ಆಗಂಗಿಲ್ರಿ."

"ಇಷ್ಟ ಹೇಳಾಕ ಕಂಪ್ಯೂಟರ್ ಯಾಕ ಬೇಕ್ರಿ? ನಮ್ಮ ಎತ್ತೂ ಹೇಳ್ತೈತಿ!"

ನಾನು ನಗುತ್ತಲೇ ಬೆಂಕಿಗೆ ತುಪ್ಪ ಸುರಿದೆ: "ಮನ್ಯಾಗೂ ಹಂಗ ರೀ ಇವ. ಉಣ್ತಿಯೇನು ಅಂದ್ರ, ನೋಡೂಣು ಅಂತಾನ."

ಹುಡುಗನ ಮಾತು ಗಟ್ಟಿಯಿಲ್ಲ ಎಂದು ಸಂಬಂಧ ಮುರಿಯಿತು. ತಮ್ಮ ನನ್ನ ಫೋನ್ ಎತ್ತುವುದು ಬಿಟ್ಟ.

ತಡೆಯಲಾಗದೆ ಹೋದ ವಾರ ಹಾನಗಲ್ಲಿನಲ್ಲಿ ಬಸ್ ಬದಲಿಸಿ, ಘಟ್ಟ ಇಳಿದು, ಅವನ ಆಫೀಸಿಗೇ ಹೋದೆ. ಅವನು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, ಸ್ಕ್ರೀನ್ ತೋರಿಸಿದ.

ಏಳನೇ ಇಯತ್ತೆ ಓದಿದವಳು ನಾನು. ಆದರೂ ಕಂಡದ್ದು ಕಂಡಿತು. ಕಡಲು, ದಂಡೆ, ಗುಡ್ಡ ಎಲ್ಲ ಸಣ್ಣ ಸಣ್ಣ ಚೌಕಗಳಾಗಿದ್ದವು. ನಾಡಿದ್ದಿನ ಒಂದೇ ಮಧ್ಯಾಹ್ನವನ್ನು ಕಂಪ್ಯೂಟರ್ ಮತ್ತೆ ಮತ್ತೆ ಓಡಿಸಿತ್ತು. ಪ್ರತಿ ಸಲ ಶುರುವಿನ ಗಾಳಿ, ಬಿಸಿಲು ಕೂದಲೆಳೆಯಷ್ಟು ಬೇರೆ. ದೊಡ್ಡ ಮಳೆ ಎಲ್ಲದರಲ್ಲೂ ಬಂತು. ಕಡಲಗಾಳಿ ದಂಡೆಗೆ ಬಂದು ಎಬ್ಬಿಸುವ ಸಣ್ಣ ಮೋಡ ಮಾತ್ರ ಒಮ್ಮೆ ಊರ ಮೇಲೆ, ಒಮ್ಮೆ ನೀರ ಮೇಲೆ. ಇನ್ನೊಮ್ಮೆ ಹುಟ್ಟಲೇ ಇಲ್ಲ!

"ಇದರಾಗ ಖರೇ ಯಾವುದೋ?"

"ಯಾವುದಾದ್ರೂ ಆಗಬಹುದಕ್ಕಾ. ದೊಡ್ಡ ಮಳಿ ದಿನಗಟ್ಟಲೆ ಬಾಳ್ತೈತಿ, ಮುಂಚೇಕ ತಿಳೀತೈತಿ. ಈ ಸಣ್ಣ ಮೋಡ ತಾಸೆರಡು ತಾಸಿನ ಜೀವ. ಇವತ್ತ ಗಾಳಿ ಅಳೆಯೋದ್ರಾಗ ಎಳ್ಳಷ್ಟು ತಪ್ಪಿದ್ರ, ನಾಡ್ದ ಆ ಮೋಡನ ಇರಂಗಿಲ್ಲ."

ಆಕಾಶ ಒಂದು ಗೆರೆ ಎಳೆದು 'ನೀವು ತಿಳಿಯೋದು ಇಲ್ಲಿಗೆ ಸಾಕು' ಅಂದಿದೆ. ಆ ಗೆರೆ ಎಲ್ಲಿದೆ ಎಂದು ಗೊತ್ತಿರುವವನು ನನ್ನ ಪಕ್ಕದಲ್ಲೇ ಕೂತಿದ್ದಾನೆ. ಗೊತ್ತಿದ್ದೂ ಸುಳ್ಳು ಹೇಳಿ ಹೆಣ್ಣು ಗಿಟ್ಟಿಸಿಕೊಳ್ಳಲಿಲ್ಲ. ಒಂದು 'ಹೂಂ' ಅಂದಿದ್ದರೆ ಸಾಕಿತ್ತಲ್ಲವೇ?

"ಚಹಾ ತರ್ಸಲೇನು?" ಎಂದು ಎದ್ದ.

ಕೈ ಹಿಡಿದು ಕೂರಿಸಿದೆ. ಅವನ ಆಫೀಸಿನವರೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಅಂದೆ:

"ಅವತ್ತ ನಾ ನಗಬಾರದಿತ್ತು. ತಪ್ಪಾತೋ, ತಮ್ಮಾ."