ದೊಡ್ಡಮ್ಮನ ಮೂಗುಬೊಟ್ಟು

ನೋಡ್ರಪ್ಪ, ಇವತ್ತಿನ ಚಿನ್ನದ ರೇಟು ನನಗೆ ಗೊತ್ತಾಗಿದ್ದು ಸಾವಿನ ಮನೆಯಲ್ಲಿ.

ಹೊಣಕೆರೆಯ ನಮ್ಮ ದೊಡ್ಡಮ್ಮ ಬೆಳಿಗ್ಗೆ ತೀರಿಕೊಂಡರು. ಮುತ್ತೈದೆಯಾಗಿ ಹೋದರೆ ಮೂಗುಬೊಟ್ಟೂ ತನ್ನ ಜೊತೆಗೇ ಮಣ್ಣಿಗೆ ಹೋಗಬೇಕು ಎಂದು ಎಲ್ಲರೆದುರೂ ಹೇಳಿದ್ದರು; ಮುತ್ತೈದೆಯಾಗಿಯೇ ಹೋದರು. ಹೆಣಕ್ಕೆ ನೀರು ಹಾಕುವ ಹೊತ್ತಿಗೆ ಅವರ ಮಗ ರಾಜಣ್ಣ ಮೊಬೈಲಿನಿಂದ ತಲೆಯೆತ್ತಿ, “ಮೂಗುಬೊಟ್ಟು ಬಿಚ್ರವ್ವ” ಅಂದ.

“ಅವ್ವ ಬ್ಯಾಡ ಅಂದಿತ್ತಲ್ಲಣ್ಣ?” ಅಂದಳು ಅವನ ತಂಗಿ ಸಾವಿತ್ರಿ.

“ಅವ್ವ ಅಂದಾಗ ರೇಟು ಎಷ್ಟಿತ್ತು, ಈಗೆಷ್ಟದೆ? ಅದೆಲ್ಲೋ ಯುದ್ಧ ನಡೀತಾ ಅದಂತೆ, ಇನ್ನೂ ಏರ್ತದೆ ಕಣಮ್ಮಿ.”

ತಿರುಪು ಜಪ್ಪಯ್ಯ ಅಂದರೂ ಬರಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟರು, ಸೋಪು ಹಚ್ಚಿದರು. ಕೊನೆಗೆ ರಾಜಣ್ಣನೇ ಕೂತು ಎಳೆದ. ಮೂಗಿನ ಹೊಳ್ಳೆ ಹರಿಯಿತು. ರಕ್ತ ಬರಲಿಲ್ಲ. ಹರಿದ ಕಡೆ ಸಾವಿತ್ರಿ ಅರಿಶಿನ ಮೆತ್ತಿದಳು, ಬದುಕಿರುವವರ ಗಾಯಕ್ಕೆ ಮೆತ್ತುವ ಹಾಗೆ.

ಮಣ್ಣು ಮಾಡಿ ಮನೆಗೆ ಬಂದು ಸ್ನಾನ ಮುಗಿಸಿದೆ. ನನ್ನ ಹೆಂಡತಿ ಕನ್ನಡಿ ಮುಂದೆ ನಿಂತು, ತನ್ನ ಮೂಗುಬೊಟ್ಟಿಗೆ ಎಣ್ಣೆ ಬಿಟ್ಟು ತಿರುಪು ಸಡಿಲ ಮಾಡುತ್ತಿದ್ದಳು. ಯಾಕೆ ಅಂದೆ.

“ಇರ್ಲಿ ಬುಡಿ. ನಾಳೆ ನಮ್ ಐಕ್ಳಿಗೆ ತೊಂದ್ರೆ ಆಗ್ಬಾರ್ದು.”